ನಿನಗಲ್ಲ ಕಣೋ ಹೇಳಿದ್ದು

ಹೋದ ತಿಂಗಳು ಮನೆ ಬದಲಾಯಿಸಿದೆವು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಾಯಿಸುವುದು ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಪ್ಯಾಕ್ ಮಾಡಲು ಹಳೇ ಗೆಳೆಯನೊಬ್ಬ ಬಂದಿದ್ದ. ಮೈಸೂರಿನ ಹಾಸ್ಟೆಲಿನಿಂದ ಶುರುವಾದ ಸ್ನೇಹ, ಇಪ್ಪತ್ತು ವರ್ಷ ದಾಟಿದೆ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ನಾನು ಬರೆದದ್ದನ್ನೆಲ್ಲ ಓದುವ ನಾಲ್ಕೈದು ಜನರಲ್ಲಿ ಅವನೂ ಒಬ್ಬ.

ಮಧ್ಯಾಹ್ನ ಹೆಂಡತಿ ಫೋನ್ ಮಾಡಿ ಸಂಜೆ ಬರಲಾ ಎಂದು ಕೇಳಿದಳು. ನಡುಮನೆಯಲ್ಲಿ ಪಾತ್ರೆ, ಪೇಪರು, ಹರಿದ ಚಾಪೆ, ಎಲ್ಲಿಂದ ಬಂತೋ ಗೊತ್ತಿಲ್ಲದ ಒಂದೊಂದೇ ಚಪ್ಪಲಿಗಳು. "ಇವತ್ತು ಬೇಡ ಕಣೇ, ಮನೆ ಹೊಲಗೇರಿ ಆಗೋಗಿದೆ" ಅಂದೆ. ನನ್ನ ಹಿಂದೆ ಡಬ್ಬಕ್ಕೆ ಟೇಪು ಸುತ್ತುವ ಕರ್ರ್ ಸದ್ದು ಬರುತ್ತಿತ್ತು. ಅದು ನಿಂತಿತು. ಎರಡು ಸೆಕೆಂಡ್ ಇರಬಹುದು. ಆಮೇಲೆ ಮತ್ತೆ ಕರ್ರ್ ಅಂತ ಶುರುವಾಯಿತು.

ಫೋನ್ ಇಟ್ಟ ಮೇಲೆ ನಾನು ಹಲ್ಲು ಗಿಂಜಿ, "ಲೋ, ನಿನಗಲ್ಲ ಕಣೋ ಹೇಳಿದ್ದು" ಅಂದೆ. ಅವನು ತಲೆ ಎತ್ತಲಿಲ್ಲ. "ಗೊತ್ತು. ನನಗೆ ಹೇಳಿದ್ರೆ ತಿರುಗಿ ಹೇಳ್ತಿದ್ದೆ" ಅಂದ. ಮಾರ್ಕರ್ ತೆಗೆದುಕೊಂಡು ಡಬ್ಬದ ಮೇಲೆ ದುಂಡಗೆ 'ಅಡುಗೆಮನೆ' ಎಂದು ಬರೆದ.

ಅವನ ಆ ಮಾತು ಒಂದು ತಿಂಗಳಿಂದ ನನ್ನ ತಲೆಯಲ್ಲಿ ಕೂತಿದೆ. ಜನ ಒಂದು ಪದಕ್ಕೆ ಯಾಕೆ ನೊಂದುಕೊಳ್ಳುತ್ತಾರೆ ಅಂತ ಯೋಚಿಸುವಾಗ ನಾವು ಬೈಗುಳದಿಂದಲೇ ಶುರು ಮಾಡುತ್ತೇವೆ. ಒಬ್ಬ ಬೈದ, ಇನ್ನೊಬ್ಬನಿಗೆ ಸಿಟ್ಟು ಬಂತು. ಅದು ಸುಲಭದ ಲೆಕ್ಕ. ಬೈಸಿಕೊಂಡವನು ತಿರುಗಿ ಬೈಯಬಹುದು, ಕಾಲರ್ ಹಿಡಿಯಬಹುದು, ಸ್ಟೇಷನ್ನಿಗೆ ಹೋಗಬಹುದು. ಆದರೆ ನಾನು ಅವನನ್ನು ಬೈಯಲಿಲ್ಲ. ನನ್ನ ಮನೆಯ ಗಲೀಜನ್ನು ಅಳೆಯಲು ಅವನ ಮನೆ ಇರುವ ಜಾಗವನ್ನು ಅಳತೆಗೋಲು ಮಾಡಿಕೊಂಡೆ. ಅಳತೆಗೋಲಿನ ಜೊತೆ ಯಾರು ಮಾತಾಡುತ್ತಾರೆ? ಅದು ಕೋಣೆಯಲ್ಲಿದೆ ಅನ್ನುವುದೂ ನೆನಪಿರುವುದಿಲ್ಲ.

ಒಂದು ಲೋಟ ನೀರು

ಡಿಗ್ರಿ ಎರಡನೇ ವರ್ಷದಲ್ಲಿ ಅವನ ಊರಿಗೆ ಹೋಗಿದ್ದೆ. ನಂಜನಗೂಡಿನಿಂದ ಮುಂದೆ. ಬಸ್ಸು ಊರೊಳಗೆ ಅರಳಿಕಟ್ಟೆ ಹತ್ತಿರ ನಿಲ್ಲುತ್ತದೆ. ಅಲ್ಲಿಂದ ದೊಡ್ಡ ಬೀದಿ ದಾಟಿ, ಹಾಲಿನ ಡೇರಿ ದಾಟಿ, ಎಡಕ್ಕೆ ಇಳಿಜಾರಿನಲ್ಲಿ ಇಳಿದರೆ ಕೇರಿ. ನಾವು ನಡೆಯುತ್ತಿದ್ದ ದಾರಿಯ ಪಕ್ಕದಲ್ಲೇ ಊರಿನ ಚರಂಡಿಯೂ ಇಳಿದು ಬರುತ್ತಿತ್ತು. ಡೇರಿಯ ನೀರು, ಹೋಟೆಲಿನ ನೀರು, ಬಚ್ಚಲ ನೀರು ಎಲ್ಲ ಸೇರಿ ಕೇರಿಯ ಬಾಯಿಗೆ ಬಂದು ಕಟ್ಟಿಕೊಂಡಿತ್ತು. ಚರಂಡಿ ಕಟ್ಟಿದವರು ಅಲ್ಲಿಗೇ ಕೈಬಿಟ್ಟಿದ್ದರು. ಕುಡಿಯುವ ನೀರಿನ ಪೈಪು ಮಾತ್ರ ಊರೆಲ್ಲ ಸುತ್ತಿ ಕೊನೆಗೆ ಇಲ್ಲಿಗೆ ಬರುತ್ತಿತ್ತಂತೆ, ಅದೂ ಸಣ್ಣಗೆ. ಅವತ್ತು ಅದನ್ನೆಲ್ಲ ನೋಡಿದೆ, ಆದರೆ ಏನನ್ನೂ ಕೂಡಿಸಿ ಯೋಚಿಸಲಿಲ್ಲ. ಈಗ ಅನಿಸುತ್ತದೆ: ಊರು ತನ್ನ ಕೊಳೆಯನ್ನು ಅಲ್ಲಿಗೆ ಕಳಿಸಿ, ಆಮೇಲೆ ಕೊಳೆಗೆ ಅವರ ಹೆಸರನ್ನೇ ಇಟ್ಟಿದೆ.

ಕೇರಿಯೊಳಗೆ ಅವನ ಮನೆಯಂಥ ಚೊಕ್ಕ ಮನೆಯನ್ನು ನಾನು ಆಮೇಲೆ ಜಾಸ್ತಿ ನೋಡಿಲ್ಲ. ಅಂಗಳ ಸಗಣಿಯಿಂದ ಸಾರಿಸಿ ಒಣಗಿ ಹಸಿರು ಬೂದು ಬಣ್ಣಕ್ಕೆ ತಿರುಗಿತ್ತು. ಹುಣಸೆಹಣ್ಣು ಹಚ್ಚಿ ಬೆಳಗಿದ ತಂಬಿಗೆಗಳು ಗೋಡೆಗೆ ಸಾಲಾಗಿ ಕೂತಿದ್ದವು. ಅವನ ಅವ್ವ ಬಾಗಿಲಲ್ಲೇ, "ಬಾ ಕೂಸು, ಕುಂತ್ಕ" ಅಂದರು. ಒಳಗೆ ಹೋದವರು ಮತ್ತೆ ಬಂದು ಬಾಗಿಲು ಹಿಡಿದು ನಿಂತರು. "ನಮ್ಮನೆ ನೀರ ಕುಡ್ದೀಯ?" ಅಂತ ಕೇಳಿದರು. ಬಾಯಾರಿದೆಯಾ ಅಂತ ಅಲ್ಲ, ಕುಡಿಯುತ್ತೀಯಾ ಅಂತ.

ನಾನು ಒಂದೇ ಗುಕ್ಕಿಗೆ ಕುಡಿದೆ. ಬೇಕೆಂದೇ ಸದ್ದು ಮಾಡಿ ಕುಡಿದೆ ಅಂತ ಈಗ ನೆನಪಾದರೆ ನಾಚಿಕೆಯಾಗುತ್ತದೆ. ಆ ಒಂದು ಲೋಟ ನೀರಿನ ಮೇಲೆ ನಾನು ಇಪ್ಪತ್ತು ವರ್ಷ ಒಳ್ಳೆಯವನಾಗಿ ಬದುಕಿದ್ದೇನೆ. ಎಲ್ಲಾದರೂ ಜಾತಿಯ ಮಾತು ಬಂದರೆ ಆ ನೀರಿನ ಕಥೆ ಹೇಳುತ್ತಿದ್ದೆ. ಅದೇ ಬಾಯಲ್ಲಿ ತೊಳೆಯದ ಪಾತ್ರೆಗೆ ಆ ಅವ್ವನ ಕೇರಿಯ ಹೆಸರು.

ಬಾಗಿಲು ಹಾಕಿಕೊಂಡು ಹೇಳಿದ್ದು

2025ರ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ನಡೆಯಿತಲ್ಲ, ಆಗ ಅವನ ಮನೆಗೂ ಬಂದಿದ್ದರು. ಎ.ಕೆ., ಎ.ಡಿ. ಅಂದರೆ ಆದಿ ಕರ್ನಾಟಕ, ಆದಿ ದ್ರಾವಿಡ. ಅವು ಹಲವು ಜಾತಿಗಳು ಒಟ್ಟಿಗೆ ನಿಂತ ಕೊಡೆಯಂಥ ಹೆಸರುಗಳು. ಅದರ ಕೆಳಗೆ ನೀವು ಯಾವ ಜಾತಿ ಅಂತ ಸರಿಯಾಗಿ ಹೇಳಿ ಎನ್ನುವುದು ಆ ಸಮೀಕ್ಷೆಯ ಮುಖ್ಯ ಕೆಲಸವೇ ಆಗಿತ್ತು. ಅವನು ಬಾಡಿಗೆಗಿರುವುದು ಮೊದಲ ಮಹಡಿಯಲ್ಲಿ. ಮಾಲೀಕರು ಕೆಳಗೆ. ಮನೆ ನೋಡಲು ಹೋದಾಗ "ನೀವು ಯಾವ ಜನ?" ಅಂದಿದ್ದಕ್ಕೆ ಅವನು "ಮೈಸೂರು ಕಡೆಯವರು" ಅಂದಿದ್ದನಂತೆ. ಅವರು ಮತ್ತೆ ಕೇಳದೇ ಇದ್ದದ್ದು ಪುಣ್ಯ. ಸಮೀಕ್ಷೆಯ ಮೇಡಂ ಬಂದು ಮೆಟ್ಟಿಲ ಮೇಲೆ ನಿಂತು ಪ್ರಶ್ನೆ ಶುರು ಮಾಡಿದಾಗ ಅವನು, "ಒಳಗೆ ಬನ್ನಿ ಮೇಡಂ" ಎಂದು ಕರೆದು, ಕಾಫಿ ಕೊಟ್ಟು, ಬಾಗಿಲು ಹಾಕಿ, ಆಮೇಲೆ ಹೇಳಿದ.

ಇದನ್ನು ಅವನೇ ನನಗೆ ನಗುತ್ತಾ ಹೇಳಿದ್ದ. ಯಾವ ಪದವನ್ನು ಅವನು ತನ್ನ ಮನೆಯಲ್ಲೇ, ಸರ್ಕಾರವೇ ಬಂದು ಕೇಳಿದಾಗಲೂ, ದನಿ ತಗ್ಗಿಸಿ ಹೇಳಬೇಕಾಯಿತೋ ಅದನ್ನೇ ನಾನು ಕಿಟಕಿ ತೆರೆದಿಟ್ಟುಕೊಂಡು ಫೋನಿನಲ್ಲಿ ಕೂಗಿ ಹೇಳಿದೆ. ಇದನ್ನು ಬರೆಯುವಾಗಲೇ ನನಗೆ ಹೊಳೆದದ್ದು. ಅವನಿಗೆ ಆ ಎರಡು ಸೆಕೆಂಡಿನಲ್ಲೇ ಹೊಳೆದಿರಬೇಕು.

'ಹೊಲೆಯ' ಅನ್ನುವುದು ಹೊಲದಿಂದ ಬಂದದ್ದು, ಹೊಲದಲ್ಲಿ ದುಡಿಯುವವನು, ಅದರಲ್ಲಿ ಅವಮಾನ ಏನಿದೆ ಅಂತ ವಾದಿಸುವವರಿದ್ದಾರೆ. ಹೊಲೆ ಅಂದರೆ ಮೈಲಿಗೆ, ಅದರಿಂದಲೇ ಬಂದದ್ದು ಅನ್ನುವವರೂ ಇದ್ದಾರೆ. ಪದದ ಹುಟ್ಟು ಹುಡುಕುವುದು ನನಗೂ ಇಷ್ಟದ ಕೆಲಸವೇ. ಆದರೆ 2008ರಲ್ಲಿ ಸುಪ್ರೀಂ ಕೋರ್ಟು, ಉತ್ತರದ ಇನ್ನೊಂದು ಜಾತಿಯ ಹೆಸರಿನ ಪ್ರಕರಣದಲ್ಲಿ, ಪದದ ಮೂಲ ಅರ್ಥ ನೋಡುತ್ತಾ ಕೂತರೆ ಕಾನೂನಿನ ಉದ್ದೇಶವೇ ಹಾಳಾಗುತ್ತದೆ, ಜನ ಇವತ್ತು ಅದನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ ಅನ್ನುವುದನ್ನು ನೋಡಬೇಕು ಎಂಬರ್ಥದಲ್ಲಿ ಹೇಳಿತು. ನಿಘಂಟು ನೋಡಿ ಯಾರೂ ಬೈಯುವುದಿಲ್ಲ, ನಿಘಂಟು ನೋಡಿ ಯಾರೂ ನೋಯುವುದೂ ಇಲ್ಲ.

ಕಾನೂನಿಗೆ ಸಿಗುವುದು ನೇರ ಬೈಗುಳ. 1989ರ ದೌರ್ಜನ್ಯ ತಡೆ ಕಾಯ್ದೆ ಜಾತಿ ಹೆಸರು ಹಿಡಿದು ಬೈಯುವುದನ್ನು ಅಪರಾಧ ಅನ್ನುತ್ತದೆ, ಆದರೆ ಅದು ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. ನನ್ನ ನಡುಮನೆ, ನನ್ನ ಫೋನು, ನನ್ನ ಹೆಂಡತಿ: ಅಲ್ಲಿಗೆ ಅದು ಬರುವುದಿಲ್ಲ. ಬರಬೇಕು ಅಂತಲೂ ನಾನು ಹೇಳುತ್ತಿಲ್ಲ. 2023ರ ಆಗಸ್ಟಿನಲ್ಲಿ ನಟ ಉಪೇಂದ್ರ ಫೇಸ್‌ಬುಕ್ ಲೈವಿನಲ್ಲಿ 'ಊರಂದ್ರೆ ಹೊಲಗೇರಿ ಇರುತ್ತೆ' ಅನ್ನುವ ಗಾದೆ ಹೇಳಿದ್ದು, ಕೇಸು ಬಿದ್ದದ್ದು, ಅವರು ವಿಡಿಯೊ ತೆಗೆದು ಕ್ಷಮೆ ಕೇಳಿದ್ದು, ಹೈಕೋರ್ಟು ತಡೆ ಕೊಟ್ಟದ್ದು ನಿಮಗೆ ನೆನಪಿರಬಹುದು. ಆಗ ನಾನೂ ಎಲ್ಲರ ಹಾಗೆ, "ಅಯ್ಯೋ, ಗಾದೆ ಅಲ್ವಾ, ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ" ಅಂದಿದ್ದೆ. ಅಂದದ್ದು ಇದೇ ಗೆಳೆಯನ ಎದುರಿಗೆ. ಅವನು ವಿಷಯ ಬದಲಾಯಿಸಿ ಮಳೆಯ ಬಗ್ಗೆ ಏನೋ ಹೇಳಿದ್ದ. ಯಾರನ್ನೂ ಉದ್ದೇಶಿಸಿಲ್ಲ ಅನ್ನುವುದನ್ನು ನಾನು ಸಮಾಧಾನ ಅಂದುಕೊಂಡಿದ್ದೆ. ಗಾದೆಯ ಒಳಗೆ ಮನೆ ಮಾಡಿಕೊಂಡಿರುವವನಿಗೆ ಅದೇ ತೊಂದರೆ. ಯಾರನ್ನು ಹಿಡಿದು ಜಗಳ ಆಡುವುದು?

ಸ್ಕೂಟರು

ನನ್ನ ಮನೆಯಲ್ಲೇ ಇದನ್ನು ನಾನು ಒಮ್ಮೆ ಕಂಡಿದ್ದೆ. ಕಂಡೂ ಕಲಿತಿರಲಿಲ್ಲ.

ಅಪ್ಪನ ಹತ್ತಿರ ಒಂದು ಹಳೇ ಸ್ಕೂಟರ್ ಇತ್ತು. ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆದ ದಿನ ನನಗೆ ನೆನಪಿಲ್ಲ. ಪಕ್ಕಕ್ಕೆ ವಾಲಿಸಿ, ಚೋಕ್ ಎಳೆದು, ಒದ್ದು ಒದ್ದು, ಆರನೇ ಒದೆತಕ್ಕೆ ಅಪ್ಪ "ದರಿದ್ರ ಮುಂಡೇದು!" ಅನ್ನುತ್ತಿದ್ದರು. ಒಳಗಿನಿಂದ ಅಮ್ಮ, "ಬೈದ್ರೆ ಸ್ಟಾರ್ಟ್ ಆಗತ್ತಾ ಅದು?" ಎಂದು ನಗುತ್ತಿದ್ದಳು. ನಮ್ಮ ಮನೆಯ ಬೆಳಗಿನ ಗಡಿಯಾರ ಅದು. ಮುಂಡೇದು ಅಂದರೆ ಅಪ್ಪ ಹೊರಟರು, ನಾವು ಸ್ಕೂಲಿಗೆ ರೆಡಿಯಾಗಬೇಕು.

ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಪಿಂಚಣಿ ಕಾಗದಕ್ಕೆ ಅಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಬೇಕಿತ್ತು. ಸ್ಕೂಟರ್ ಹೊರಗೆ ತಂದು ಒರೆಸಿ ಒದೆಯತೊಡಗಿದೆ. ಅಪ್ಪ ಮಾಡುತ್ತಿದ್ದ ಹಾಗೇ ವಾಲಿಸಿದೆ. ಏಳೆಂಟು ಸಲ ಒದ್ದ ಮೇಲೆ ಬಾಯಿಗೆ ತಾನಾಗಿ ಬಂತು: "ದರಿದ್ರ ಮುಂಡೇದು!" ತಿರುಗಿ ನೋಡಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪಾಸ್‌ಬುಕ್. ಬರೀ ಹಣೆ. ಅವಳು ನನ್ನನ್ನು ನೋಡಲಿಲ್ಲ, ಸ್ಕೂಟರನ್ನು ನೋಡಿದಳು. "ಪಾಪ, ಅದಕ್ಕೇನು ಗೊತ್ತು. ಆಟೋದಲ್ಲೇ ಹೋಗಣ ಬಾ" ಅಂದಳು.

ಮುಂಡೆ ಅಂದರೆ ತಲೆ ಬೋಳಿಸಿದವಳು, ಗಂಡ ಸತ್ತವಳು. ಇದು ಕನ್ನಡ ಬಲ್ಲ ಎಲ್ಲರಿಗೂ ಗೊತ್ತು, ಬೈಯುವಾಗ ಮಾತ್ರ ಯಾರಿಗೂ ನೆನಪಿರುವುದಿಲ್ಲ. ಕೆಟ್ಟ ನಲ್ಲಿ, ಹಾಳಾದ ಮಿಕ್ಸಿ, ಸಿಗ್ನಲ್ ಸಿಗದ ಫೋನು ಎಲ್ಲವೂ ಮುಂಡೇದೇ. ಅಜ್ಜಿಯರು ಮೊಮ್ಮಕ್ಕಳನ್ನು ಮುದ್ದಿಗೆ ಹಾಗೆ ಕರೆಯುವುದೂ ಉಂಟು. ಅಷ್ಟು ಸವೆದಿದೆ ಆ ಪದ. ಆದರೆ ಅವತ್ತು ಪದ ಬದಲಾಗಿರಲಿಲ್ಲ, ಸ್ಕೂಟರ್ ಬದಲಾಗಿರಲಿಲ್ಲ, ಗೇಟೂ ಅದೇ. ಬದಲಾದದ್ದು ಅಮ್ಮ ನಿಂತ ಜಾಗ. ಮೂವತ್ತು ವರ್ಷ ಅವಳು ಆ ಪದದ ಈಚೆ ನಿಂತು ನಕ್ಕಿದ್ದಳು. ಈಗ ಅದು ಅವಳನ್ನು ತನ್ನೊಳಗೆ ಎಳೆದುಕೊಂಡಿತ್ತು. ಹೇಳುವವನಿಗೆ ಇದು ಯಾವತ್ತೂ ಅರ್ಥ ಆಗುವುದಿಲ್ಲ, ಯಾಕೆಂದರೆ ಅವನ ಕಡೆ ಏನೂ ಬದಲಾಗಿರುವುದಿಲ್ಲ. ನಿನ್ನೆಯ ಮಾತನ್ನೇ ಇವತ್ತೂ ಹೇಳಿದೆ, ನಿನ್ನೆ ನಗುತ್ತಿದ್ದರು, ಇವತ್ತು ಯಾಕೆ ಸುಮ್ಮನಾದರು?

ಬ್ಯಾಂಕಿನ ಕೆಲಸ ಮುಗಿಸಿ ಇನ್ನೊಂದು ಕಾಗದಕ್ಕೆ ತಾಲ್ಲೂಕು ಕಚೇರಿಗೆ ಹೋದೆವು. ಅಲ್ಲಿ ಗುಮಾಸ್ತರು ಬಾಗಿಲಿಗೆ ಬಂದು, "ವಿಧವಾ ವೇತನದವ್ರು ಯಾರಿದೀರಿ, ಈ ಕಡೆ ಬನ್ನಿ" ಎಂದು ಕೂಗಿದರು. ಬೆಂಚಿನಿಂದ ಐದಾರು ಹೆಂಗಸರು ಎದ್ದರು. ಆ ಯೋಜನೆಯ ಪೂರ್ತಿ ಹೆಸರು ನಿರ್ಗತಿಕ ವಿಧವಾ ವೇತನ. ಅಮ್ಮ ಅದಕ್ಕೆ ಬಂದವಳಲ್ಲ. ಆದರೂ ಕೂಗಿದ ಕೂಡಲೇ ಸೆರಗು ಸರಿಮಾಡಿಕೊಂಡು ಏಳಲು ಹೋದಳು. ನಾನು ಕೈ ಹಿಡಿದು ಕೂರಿಸಿದೆ.

ನನಗೂ ಆಗಿದೆ ಅನ್ನುವ ಆಸೆ

ಇಂಥ ಮಾತು ಬಂದಾಗ ನಮ್ಮಂಥವರಿಗೆ ಒಂದು ಆಸೆ ಹುಟ್ಟುತ್ತದೆ. ನನಗೂ ಹೀಗೆ ಆಗಿದೆ ಅಂತ ಹೇಳಿಕೊಳ್ಳುವ ಆಸೆ. ಎರಡು ವರ್ಷ ದೆಹಲಿಯಲ್ಲಿದ್ದಾಗ ನನ್ನನ್ನು 'ಮದ್ರಾಸಿ' ಅನ್ನುತ್ತಿದ್ದರು. ಮೈ ಉರಿಯುತ್ತಿತ್ತು, ನಿಜ. ಆದರೆ ಅದಕ್ಕೆ ನಾನು ಮನೆ ಕಳೆದುಕೊಳ್ಳಲಿಲ್ಲ, ಯಾರೂ ನನ್ನ ಲೋಟ ಬೇರೆ ಇಡಲಿಲ್ಲ. ರೂಮಿಗೆ ಬಂದು ಅವರ ಬಗ್ಗೆ ಎರಡು ಮಾತು ಆಡಿದರೆ ಮುಗಿಯುತ್ತಿತ್ತು. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬಾರದು.

"ಈಗಿನವರಿಗೆ ಎಲ್ಲದಕ್ಕೂ ನೋವು" ಅನ್ನುವ ಮಾತಿಗೂ ನನ್ನದೊಂದು ತಕರಾರಿದೆ. ಮಾತಿಗೆ ನೋಯುವುದು ಹೊಸ ಕಾಯಿಲೆ ಅಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ದನಕ್ಕೆ ಹಾಕುವ ಬೂಸಾ. ಅಷ್ಟಕ್ಕೇ ರಾಜ್ಯದಲ್ಲಿ ಬೆಂಕಿ ಹೊತ್ತಿಕೊಂಡಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ದೇವರಾಜ ಅರಸರ ಸಂಪುಟದ ಆ ದಲಿತ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಮಂತ್ರಿಯೂ ಅವರೇ. ಒಂದು ಹೋಲಿಕೆ, ಅದೂ ಪುಸ್ತಕಗಳ ಬಗ್ಗೆ. ಹೊಲಗೇರಿ, ಹಜಾಮತಿ, ದೊಂಬರಾಟ ಅಂತ ದಿನಾ ಆಡುತ್ತಿದ್ದವರಿಗೆ, ತಮ್ಮ ಒಂದು ವಸ್ತು ಹೋಲಿಕೆಗೆ ಸಿಕ್ಕಿಕೊಂಡಾಗ ಅದು ಹೇಗಿರುತ್ತದೆ ಅನ್ನುವುದು ಅವತ್ತು ಗೊತ್ತಾಯಿತು. ಗೊತ್ತಾಗಿಯೂ ಏನು ಮಾಡಿದರು ಅನ್ನುವುದು ಬೇರೆ ಮಾತು.

ದೊಂಬರಾಟ ಅಂದೆನಲ್ಲ. ಟಿವಿಯವರಿಗೆ ಈ ಪದ ಇಲ್ಲದೆ ರಾಜಕೀಯದ ಸುದ್ದಿಯೇ ಓದಲಾಗುವುದಿಲ್ಲ. ಚಿಕ್ಕವನಿದ್ದಾಗ ನಮ್ಮೂರ ಸಂತೆಯಲ್ಲಿ ದೊಂಬರ ಹುಡುಗಿ ಹಗ್ಗದ ಮೇಲೆ ನಡೆದದ್ದನ್ನು ನೋಡಿದ್ದೇನೆ. ಕೈಯಲ್ಲಿ ಬಿದಿರು ಗಳ, ಕೆಳಗೆ ತಮಟೆ ಬಡಿಯುವ ಅಪ್ಪ, ಬಿದ್ದರೆ ಹಿಡಿಯಲು ಬಲೆ ಇಲ್ಲ. ಅದರಲ್ಲಿ ಒಂದು ಚೂರೂ ಮೋಸ ಇರಲಿಲ್ಲ. ರೆಸಾರ್ಟಿನಲ್ಲಿ ಕೂತ ಶಾಸಕರಿಗೆ ಆ ಹುಡುಗಿಯನ್ನು ಹೋಲಿಸುವುದು ಯಾವ ನ್ಯಾಯ?

ಹೆಸರು ಇಡುವವರು

ಹಾಗಂತ ಒಳ್ಳೆಯ ಪದ ಹುಡುಕಿ ಅಂಟಿಸಿದರೂ ಕೆಲಸ ಆಗುವುದಿಲ್ಲ. ಗಾಂಧೀಜಿ ಪ್ರೀತಿಯಿಂದಲೇ 'ಹರಿಜನ' ಅನ್ನುವ ಪದವನ್ನು ಬಳಕೆಗೆ ತಂದರು. ಆ ಪದ ಮಸೂದೆಯೊಳಗೆ ಬಂದಾಗ, 1938ರಲ್ಲಿ, ಅಂಬೇಡ್ಕರ್ ಮತ್ತು ಅವರ ಪಕ್ಷದವರು ಬಾಂಬೆ ಶಾಸನಸಭೆಯಿಂದ ಎದ್ದು ಹೊರಗೆ ನಡೆದರು. ಹೆಸರು ಯಾರಿಗೆ ಇಟ್ಟರೋ ಅವರನ್ನು ಕೇಳಲೇ ಇಲ್ಲ ಅನ್ನುವುದು ಆ ಪದದ ಮೇಲೆ ಅಂಟಿಕೊಂಡೇ ಉಳಿಯಿತು. 1982ರಲ್ಲಿ ಕೇಂದ್ರ ಸರ್ಕಾರವೇ ಜಾತಿ ಪ್ರಮಾಣಪತ್ರದಲ್ಲಿ ಅದನ್ನು ಬರೆಯಬೇಡಿ ಅಂತ ಸೂಚಿಸಿತು. ಅಂಗವಿಕಲ ಹೋಗಿ ವಿಕಲಚೇತನ ಆಯಿತು, ವಿಶೇಷಚೇತನ ಬಂತು, 2015ರ ಕೊನೆಯಲ್ಲಿ ಪ್ರಧಾನಿಯವರ ರೇಡಿಯೊ ಮಾತಿನಿಂದ ದಿವ್ಯಾಂಗ ಬಂತು. ಅಂಗವಿಕಲರ ಹಕ್ಕಿಗೆ ಹೋರಾಡುವ ಹಲವರು ನಮಗೆ ದಿವ್ಯ ಬೇಡ ಅಂದರು. ಬ್ಯಾಂಕಿನ ಮೆಟ್ಟಿಲು ಮಾತ್ರ ಎಷ್ಟೋ ಕಡೆ ಇದ್ದಷ್ಟೇ ಇದೆ.

ಈ ವಿಷಯ ಹೆಂಡತಿಯ ಹತ್ತಿರ ಮಾತಾಡುವಾಗ, ಇನ್ನು ಮೇಲೆ ಮನೆ ಗಲೀಜಾದರೆ 'ಗುಜರಿ ಅಂಗಡಿ ಆಗಿದೆ' ಅಂತೀನಿ ಅಂದೆ. "ಗುಜರಿ ಅಂಗಡಿಯವ್ರು ಬೇಜಾರು ಮಾಡ್ಕೊಳಲ್ವಾ?" ಅಂದಳು. ತಮಾಷೆಗೇ ಕೇಳಿದ್ದು, ಆದರೆ ಒಳ್ಳೆಯ ಪ್ರಶ್ನೆ. ಎಲ್ಲಿಗೆ ನಿಲ್ಲಿಸುವುದು? ಎರಡು ದಿನ ಯೋಚಿಸಿದೆ. ಗುಜರಿ ಅಂಗಡಿಯಲ್ಲಿ ಹಳೇ ಸಾಮಾನು ಚೆಲ್ಲಾಡಿರುವುದು ನಿಜ, ಅದು ಆ ಅಂಗಡಿಯ ವ್ಯಾಪಾರ. ಸಂಜೆ ಶಟರ್ ಎಳೆದು ಮನೆಗೆ ಹೋದರೆ ಅವನು ಗುಜರಿ ಅಲ್ಲ. ಕೇರಿಗೆ ಶಟರ್ ಇಲ್ಲ. ಅಲ್ಲಿ ಹುಟ್ಟಿದವನು ಬೆಂಗಳೂರಿನ ಮೊದಲ ಮಹಡಿಗೆ ಬಂದರೂ ಅದು ಅವನ ಜೊತೆ ಮೆಟ್ಟಿಲು ಹತ್ತಿ ಬರುತ್ತದೆ. ಈ ಉತ್ತರ ಪೂರ್ತಿ ಸರಿ ಅಂತ ನನಗೇ ಧೈರ್ಯ ಇಲ್ಲ. ಗಾದೆಗಳೆಲ್ಲ ಹೋದರೆ ಭಾಷೆಯ ಸೊಗಡು ಹೋಗುತ್ತದೆ ಅನ್ನುವವರ ಸಂಕಟವೂ ನನಗೆ ಅರ್ಥ ಆಗುತ್ತದೆ, ನಾನೂ ಆ ಸೊಗಡಿನಲ್ಲೇ ಬೆಳೆದವನು. ಆದರೆ ಕೇಳಿ ನೋಡಿ, ನಮ್ಮ ಭಾಷೆಯಲ್ಲಿ ಬೈಗುಳಕ್ಕೆ ಬರಗಾಲವೇನೂ ಇಲ್ಲ.

ಹೋದ ವಾರ ಅವನಿಗೆ ಫೋನ್ ಮಾಡಿದೆ. ಮನೆಯ ವಿಷಯ, ಮಗಳ ಸ್ಕೂಲಿನ ವಿಷಯ ಎಲ್ಲ ಆದ ಮೇಲೆ, ಇಷ್ಟು ವರ್ಷ ನಾನು ಹಾಗೆ ಎಷ್ಟು ಸಲ ಅಂದಿದೀನಿ, ಯಾಕೆ ಒಂದು ಸಲವೂ ಹೇಳಲಿಲ್ಲ ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಎಷ್ಟು ಸಲ ಅಂತ ಹೇಳೋದು ಮಗಾ. ಆಮೇಲೆ ನಿನ್ನ ಜೊತೆ ಊಟಕ್ಕೂ ಕೂತ್ಕೋಬೇಕಿತ್ತಲ್ಲ" ಅಂದ.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವನೇ ಮುಂದುವರಿಸಿದ. "ಅಡುಗೆಮನೆ ಡಬ್ಬ ಬಿಚ್ಚಿದ್ಯಾ? ಮೇಲಿಂದ ಕತ್ತರಿ ಹಾಕ್ಬೇಡ, ಗಾಜಿನ ಲೋಟ ಎಲ್ಲ ಮೇಲೇ ಇಟ್ಟಿದೀನಿ. ಪಕ್ಕದಿಂದ ಬಿಚ್ಚು."